ಸತ್ತವರಿಗೊಂದು ಗಂಟೆ

ಸೌಟು ತಿರುಗಿಸಿ ಅವನ ಮೂತಿಗೆ ಬಿಡಬೇಕು ಅನ್ನಿಸಿತು ಎಟಾಳಿಗೆ. ಬಿಡಲಿಲ್ಲ. ಇದು ಚರ್ಚಿನ ಊಟ. ತಟ್ಟೆ ಹಿಡಿದು ಬಂದವರಿಗೆಲ್ಲ ಬಡಿಸಲೇಬೇಕು.

“ಇನ್ನೊಂಚೂರು ಹಾಕಮ್ಮ. ನಮ್ಮಮ್ಮ ಮಾಡ್ತಿದ್ದ ಬೀನ್ಸ್ ಸಾರಿನ ಘಮವೇ ಇದು!” ಎಂದ ಗ್ರೇಡಿ ಟ್ಯಾಕೆಟ್.

ಥೂ! ಗಣಿ ಕಂಪನಿಯ ವಕೀಲನಾಗಿದ್ದಾಗ ಇದೇ ಬಾಯಿ ಕೋರ್ಟಿನಲ್ಲಿ ಏನು ವಾದಿಸಿತ್ತು? ಎಟಾಳ ಗಂಡನ ಶ್ವಾಸಕೋಶ ಕೆಟ್ಟದ್ದು ಕಲ್ಲಿದ್ದಲ ಧೂಳಿನಿಂದಲ್ಲ, ಸಿಗರೇಟಿನಿಂದ ಅಂತ. ಆ ಮನುಷ್ಯ ಸಿಗರೇಟು ಮುಟ್ಟಿದವನೇ ಅಲ್ಲ. ಪರಿಹಾರ ಹೋಯಿತು, ಗಂಡನೂ ಹೋದ. ಈಗ ಈ ಮಹಾಶಯ ಕೆಂಟಕಿ ರಾಜ್ಯದ ಸೆನೆಟ್ ಚುನಾವಣೆಗೆ ನಿಂತಿದ್ದಾನೆ. ಗೆದ್ದರೆ ಉಳಿದ ರೋಗಿಗಳ ಪರಿಹಾರಕ್ಕೂ ಕಲ್ಲು ಹಾಕುವವನೇ. ಕಣಿವೆಯ ವೋಟು ಯಾರಿಗೆ ಅಂತ ಊಟದ ನಂತರ ಕೈಯೆತ್ತಿ ತೀರ್ಮಾನ. ಜನ ಆಗಲೇ ಕರಗುತ್ತಿದ್ದರು: ಗುಡ್ಡದಾಚೆಯ ಗಣಿ ಕಾರ್ಮಿಕನ ಮಗನಂತೆ, ಪಾಪ!

ಬಾಗಿಲಾಚೆ, ಚರ್ಚಿನ ಗಂಟೆಯ ಹಗ್ಗದ ಪಕ್ಕ ಕೂತಿದ್ದ, ಎಲ್ಲರೂ ಬಕ್ ಎಂದಷ್ಟೇ ಕರೆಯುತ್ತಿದ್ದ ಅಜ್ಜನಿಗೆ ಎಟಾಳೇ ಬಟ್ಟಲು ಒಯ್ದಳು. ಗುಡ್ಡ ದಾಟಿ ಬಂದು ಚಳಿಗಾಲದಿಂದ ಚರ್ಚಿನ ಹಿಂದಿನ ಕೋಣೆಯಲ್ಲಿದ್ದವನು. ಮೂಗಿಗೆ ಆಮ್ಲಜನಕದ ನಳಿಕೆ. ಇದ್ದವರಲ್ಲಿ ಹಿರಿಯ ಗಣಿ ಕಾರ್ಮಿಕ ಯಾರೋ ಅವರ ಕೈಗೇ ಹಗ್ಗ. ಅದು ಇಲ್ಲಿಯ ರೂಢಿ.

“ನಿಮ್ಮ ಕೇಸೂ ಅವನೇ ಕೆಡಿಸಿದ್ನಾ ಅಜ್ಜ?”

“ಅವನ ಲಾ ಓದಿಗೆ ದುಡ್ಡು ಕೊಟ್ಟೋನು ನಾನಮ್ಮ.”

“ನಾವೆಲ್ಲ ಕೊಟ್ಟಿದೀವಿ ಬಿಡಿ. ಕಂಪನಿ ಅವನನ್ನ ಸಾಕಿದ್ದು ನಮ್ಮ ಬೆವರಲ್ಲೇ ತಾನೆ!”

ಅಜ್ಜ ನಗಲಿಲ್ಲ.

ಊಟ ಮುಗಿಯಿತು. ಗಣಿಯ ಧೂಳಿಗೆ ಬಲಿಯಾದವರ ಹೆಸರನ್ನು ಮನೆಯವರು ಒಬ್ಬೊಬ್ಬರಾಗಿ ಎದ್ದು ಕೂಗತೊಡಗಿದರು. ಒಂದು ಹೆಸರಿಗೆ ಒಂದು ಗಂಟೆ. ಎಟಾ ಗಂಡನ ಹೆಸರು ಕೂಗಿದಳು. ಢಣ್.

ಆಮೇಲೆ ಎದ್ದವನು ಗ್ರೇಡಿ. ಎದೆಯ ಮೇಲೆ ಕೈ, ಕಣ್ಣಲ್ಲಿ ನೀರು. ಅಬ್ಬಾ, ಏನು ನಾಟಕ!

“ನಮ್ಮಪ್ಪನೂ ಇದೇ ಧೂಳು ಕುಡಿದು ನನ್ನ ತೋಳಲ್ಲೇ ಪ್ರಾಣ ಬಿಟ್ರು. ವರ್ಜಿಲ್ ಟ್ಯಾಕೆಟ್!”

ಮುಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಂಡರು. ಗಂಟೆ ಮಾತ್ರ ಸದ್ದು ಮಾಡಲಿಲ್ಲ.

ಗ್ರೇಡಿ ಇನ್ನೂ ಗಟ್ಟಿಯಾಗಿ ಕೂಗಿದ. ಇಲ್ಲ. ಅಜ್ಜನಿಗೆ ಏನಾಯಿತೋ ಎಂದು ಎಟಾ ಬಾಗಿಲಿಗೆ ಓಡಿದಳು. ಅಜ್ಜ ಹಗ್ಗ ಬಿಟ್ಟು, ಸಿಲಿಂಡರ್ ಎಳೆದುಕೊಂಡು ಒಳಗೆ ಬರುತ್ತಿದ್ದ. ಅವನನ್ನು ಕಂಡದ್ದೇ ಗ್ರೇಡಿಯ ಮುಖ ಬಿಳಿಚಿಕೊಂಡಿತು.

“ನನ್ನ ಸಾವಿನ ಗಂಟೇನ ನಾನೇ ಹೊಡ್ಕೊಳ್ಳಲೇನೋ, ಮಗನೇ?”