ಅತ್ತೆಯ ಕೈಗೆ ಬಂದ ಗುಂಡಿ

ಹಗಲು ಬರುವುದು ನಿಂತುಹೋದ ಮೇಲೆ ಊರಿನವರೆಲ್ಲ ಬಟ್ಟೆಯಂಚಿಗೆ ಎಲ್‌ಇಡಿ ಪಟ್ಟಿ ಹೊಲಿಸಿಕೊಂಡೇ ಓಡಾಡುತ್ತಿದ್ದರು. ಮದುವೆಯಾದ ದಿನ ಸೊಸೆಯ ಪಟ್ಟಿಯ ಗುಂಡಿ ಅತ್ತೆಯ ಕೈಸೇರುತ್ತಿತ್ತು. ಅವಳು ಎಷ್ಟು ಬೆಳಗಬೇಕೆಂಬುದನ್ನು ಇನ್ನು ಅತ್ತೆಯೇ ಗುಂಡಿ ತಿರುಗಿಸಿ ತೀರ್ಮಾನಿಸಬೇಕು. ಬಟ್ಟೆಯಂತೆ ಮಡಚುವ ಆ ಪಟ್ಟಿಗಳನ್ನು ವಿನ್ಯಾಸ ಮಾಡುತ್ತಿದ್ದ ವಾಗ್ದೇವಿಗೂ ಇವತ್ತು ಅದೇ ಶಾಸ್ತ್ರ. ಬೆಳಕು ಇಳಿದರೆ ಅವಳ ಕೆಲಸವೂ ಅಲ್ಲಿಗೆ ಮುಗಿದಂತೆ. ರೂಢಿಯಂತೆ ನೆಂಟರೆಲ್ಲ ತಮ್ಮ ತಮ್ಮ ಪಟ್ಟಿಯ ಬೆಳಕು ಆರಿಸಿ ಕೂತರು.

ಅತ್ತೆ ಪದ್ಮಾಂಬ ಗುಂಡಿ ಹಿಡಿದಳು. “ಡಿಸೈನು ಮಾಡ್ತಾಳಂತೆ ಮಹಾರಾಯ್ತಿ! ನಮ್ಮನೇಲಿ ಸೂಜಿಗೆ ದಾರ ಪೋಣಿಸೋಷ್ಟೂ ಬೆಳಕು ಕೊಡಲ್ಲ,” ಎಂದು ಬೆಳಕು ಇಳಿಸಿದಳು.

ವಾಗ್ದೇವಿಯ ಸೀರೆಯಂಚು ಮಂಕಾಯಿತು. ಜೊತೆಗೇ ಪದ್ಮಾಂಬಳದೂ ಮಂಕಾಯಿತು.

“ಏನೇ ಇದು?”

“ಮದುವೆಗೆ ನಿಮ್ಮ ಪಟ್ಟಿ, ನನ್ನ ಪಟ್ಟಿ ಎರಡನ್ನೂ ಹೊಲಿದಿದ್ದು ನಾನೇ ಅಲ್ವಾ ಅತ್ತೆ,” ವಾಗ್ದೇವಿ ನೆಲ ನೋಡುತ್ತಲೇ ಹೇಳಿದಳು. “ಎರಡಕ್ಕೂ ಒಂದೇ ಗುಂಡಿ ಇಟ್ಟಿದೀನಿ. ನನ್ನದು ಏರಿಸಿದ್ರೆ ನಿಮ್ಮದೂ ಏರುತ್ತೆ.”

ಯಾರೋ ಕಿಸಕ್ಕೆಂದರು. ಪದ್ಮಾಂಬ ಹಲ್ಲು ಕಡಿದು ಗುಂಡಿಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿದಳು. “ಕೂತ್ಕೋ ಕತ್ತಲಲ್ಲಿ! ನಾನೂ ಕೂರ್ತೀನಿ, ಯಾರಿಗೆ ಮೊದಲು ಸಾಕಾಗುತ್ತೋ ನೋಡೋಣ.”

ಜನರೆದುರು ಕಣ್ಣೆತ್ತಲೂ ಅಂಜುತ್ತಿದ್ದ ವಾಗ್ದೇವಿ, ಯಾರಿಗೂ ಕಾಣದ ಆ ಕತ್ತಲಲ್ಲಿ ತಲೆಯೆತ್ತಿ, ಅತ್ತೆಯ ಮುಖವಿದ್ದ ಕಡೆಗೇ ನೆಟ್ಟಗೆ ನೋಡುತ್ತ ಕೂತಳು.