ಮೊದಲು ತಾವು

ಮೊದಲು ಕೈ ಎತ್ತುವ ಜಾಯಮಾನ ನಮ್ಮ ದೇಶದ್ದಲ್ಲ ಎಂದು ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿದ್ದ ಮಂತ್ರಿಗಳಿಗೆ ಯುದ್ಧದ ಆಸೆ ಮಾತ್ರ ಬೆಟ್ಟದಷ್ಟಿತ್ತು. ತಡೆಯಲಾರದೆ ಪಕ್ಕದ ಶತ್ರುದೇಶದ ಮಂತ್ರಿಗೆ ಫೋನು ಮಾಡಿಯೇಬಿಟ್ಟರು.

"ಸ್ವಾಮಿ, ಒಂದೇ ಒಂದು ಗುಂಡು ಹಾರಿಸಿಬಿಡಿ. ಮಿಕ್ಕಿದ್ದು ನಾವು ನೋಡಿಕೊಳ್ತೇವೆ."

"ಛೆ ಛೆ, ನಾವೂ ಶಾಂತಿಪ್ರಿಯರೇ. ಮೊದಲು ತಾವು."

"ಎಲ್ಲಾದರೂ ಉಂಟೆ! ಮೊದಲು ತಾವು."

ಈ ಉಪಚಾರ ಮೂರು ತಿಂಗಳು ನಡೆಯಿತು. ಒಂದು ಬೆಳಿಗ್ಗೆ ಸೇನಾಪತಿ ಏದುಸಿರು ಬಿಡುತ್ತ ಓಡಿಬಂದರು.

"ಅನಾಹುತ ಆಯ್ತು ಸರ್! ಕಾದು ಕಾದು ಬೇಸತ್ತು ಎರಡೂ ಕಡೆಯ ಸೈನಿಕರು ಗಡಿಯನ್ನೇ ನಡುಗೆರೆ ಮಾಡಿಕೊಂಡು ಕಬಡ್ಡಿ ಆಡ್ತಿದ್ದಾರೆ. ಕೇಕೆ ಏನು, ನಗು ಏನು!"

ಮಂತ್ರಿಗಳು ಕುರ್ಚಿಯಿಂದ ಚಂಗನೆ ನೆಗೆದರು. "ಗೆರೆ ದಾಟಿ ಮೊದಲು ಬಂದವರು ಯಾರ್ರೀ?"

"ಅವರೇ ಸರ್. ಟಾಸ್ ಗೆದ್ದಿದ್ರು."

"ಸದ್ಯ, ದೇಶದ ಮಾನ ಉಳೀತು! ಫಿರಂಗಿ ಹಾರಿಸಿ."