ಆರಿಸಿ ಬಿಟ್ಟ ಕಾಳು

ಪರೀಕ್ಷಾ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಒಂದೇ ಮೂಡಿದ್ದರೆ ಶೇಂಗಾದಲ್ಲಿ ಬೂಷ್ಟಿನ ವಿಷವಿದೆ ಎಂದರ್ಥ.

"ಚಿಕ್ಕಿ ಕಾರ್ಖಾನೆಯವರು ನಿಮ್ಮ ಶೇಂಗಾ ತಗೋತಾರೆ, ಕೊಟ್ರಮ್ಮ," ಎಂದಳು ಹಿರಿಯೂರಿನ ಪ್ರಯೋಗಾಲಯದ ಮಂಗಳಾ.

"ತಗಳ್ದೇ ಏನ್ಮಾಡ್ತಾರವ್ವ? ಒಂದೊಂದೇ ಕಾಳು ನೋಡಿ ಆರಿಸಿ ತಂದೀನಿ."

"ಆರಿಸಿ ಬಿಟ್ಟಿದ್ದು?"

"ಬೂಷ್ಟು ಹಿಡಿದಿದ್ದಾ? ಒಳ್ಳೇದು ಮಾರಾಕೆ, ಅದು ಮನೆಗೆ. ಹುರಿದು ಚಟ್ನಿಪುಡಿ ಮಾಡ್ತೀನಿ." ಕೊಟ್ರಮ್ಮ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲಿನ ಪುಡಿ ತೋರಿಸಿದಳು.

ಮಂಗಳಾ ಒಂದು ಚಿಟಿಕೆ ತೆಗೆದುಕೊಂಡು ದ್ರಾವಣದಲ್ಲಿ ಕಲಸಿ, ಹೊಸ ಪಟ್ಟಿ ಅದ್ದಿದಳು. ಒಂದೇ ಗೆರೆ ಮೂಡಿತು.

"ಇದನ್ನ ತಿನ್ನಬೇಡ್ರಿ. ಹುರಿದ್ರೂ ಈ ವಿಷ ಹೋಗಲ್ಲ, ಲಿವರ್ ಕೆಡಿಸುತ್ತೆ."

"ಏನಾಗಲ್ಲ ಬಿಡವ್ವ. ಮದುವೆಯಾಗಿ ಬಂದಾಗಿಂದ ಇದೇ ತಿಂತಿದೀನಿ," ಎಂದು ಕೊಟ್ರಮ್ಮ ನಕ್ಕಳು.

ಮಂಗಳಾ ತಲೆಯೆತ್ತಿದಳು. ಕೊಟ್ರಮ್ಮನ ಕಣ್ಣಿನ ಬಿಳಿಭಾಗ ಅರಿಶಿನ ಹಚ್ಚಿದಂತೆ ಹಳದಿಯಾಗಿತ್ತು.